ಪಾರಿ ಮರದ ನಾಮಕರಣ

ಕುದುರೆಲಾಯದ ರಸ್ತೆಯಲ್ಲಿ ಆ ಬೇಸಿಗೆ ಯಾರಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಟೈಲರ್ ದೊರೆಸ್ವಾಮಿ ಅರ್ಧ ಹೊಲಿದ ರವಿಕೆಯನ್ನು ಸೂಜಿಯ ಕೆಳಗೇ ಬಿಟ್ಟು ಎದ್ದು, ಬೀದಿಯ ಆ ಕೊನೆಯವರೆಗೆ ಹೋಗಿ, ಹೋದದ್ದು ಯಾಕೆಂದು ತಿಳಿಯದೆ ವಾಪಸು ಬಂದು, ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ತಪ್ಪೆಲ್ಲ ಮೆಷಿನ್ನಿನದು ಎಂಬುದು ಅವನ ತೀರ್ಮಾನ. ಮೂಲೆಯ ಹೋಟೆಲಿನಲ್ಲಿ ದೋಸೆ ಹೇಳಿದವರು ದೋಸೆ ಬರುವ ಮೊದಲೇ ಜಾಗ ಖಾಲಿ ಮಾಡುತ್ತಿದ್ದರು. ಗಂಡ ಹೆಂಡಿರು ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೂ ಜಗಳವಾಡಿದರು, ಸರಿಯಾಗಿದ್ದದ್ದಕ್ಕೂ ಆಡಿದರು. ಬಿಸಿಲಿನ ಝಳ ಎಂದು ಕೆಲವರೆಂದರು. ಆದರೆ ಇಡೀ ಊರಿನಲ್ಲಿ ಬಿಸಿಲಿನ ಝಳ ಕಡಿಮೆಯಿದ್ದದ್ದು ಆ ಒಂದು ರಸ್ತೆಯಲ್ಲೇ. ಅಲ್ಲಿ ಹೊಸ ಮರಗಳಿದ್ದವು.

ಆ ಮರಗಳನ್ನು ಮಾಡಿದವಳು ಸುಚೇತಾ. ಮರವನ್ನು ಯಾರಾದರೂ ಮಾಡುತ್ತಾರೆಯೇ ಎಂದು ಅವಳ ತಾಯಿ ವತ್ಸಲಮ್ಮ ಮೂಗು ಮುರಿಯುತ್ತಿದ್ದರು. ಆದರೆ ಬಂದವರನ್ನೆಲ್ಲ ಗೇಟಿನ ಹತ್ತಿರ ನಿಲ್ಲಿಸಿ "ಇವೆಲ್ಲ ನಮ್ಮ ಸುಚಿ ಮಾಡಿದ್ದು" ಎಂದು ಹೇಳದೆ ಕಳಿಸುತ್ತಿರಲಿಲ್ಲ.

ಹಿಂದೆ ಆ ರಸ್ತೆಯ ಎರಡೂ ಬದಿ ಮಳೆಮರಗಳಿದ್ದವು. ಕಾಂಡಕೊರಕ ಹುಳು ಹೊಕ್ಕು ಒಳಗೆಲ್ಲ ಟೊಳ್ಳಾಗಿ, ಗಾಳಿ ಬೀಸಿದಾಗಲೆಲ್ಲ ಒಂದೊಂದು ಉರುಳಿ, ಕೊನೆಗೆ ಉಳಿದವನ್ನೂ ಕಡಿಯಬೇಕಾಯಿತು. ಆಮೇಲಿನ ಬೇಸಿಗೆಗಳಲ್ಲಿ ಚಪ್ಪಲಿ ಡಾಂಬರಿಗೆ ಅಂಟಿಕೊಳ್ಳುತ್ತಿತ್ತು. ಆಗ ಊರಾಚೆಯ ವೃಕ್ಷಶೋಧ ಕೇಂದ್ರದಲ್ಲಿ ಸುಚೇತಾ ಹೊಂಗೆಯ ವಂಶವಾಹಿಗಳನ್ನು ತಿದ್ದಿ ಈ ಹೊಸ ಜಾತಿಯನ್ನು ಬೆಳೆಸಿದಳು. ಉಪಾಯ ಸರಳವಾಗಿತ್ತು. ಹುಳು ಕಚ್ಚಿದರೆ ಯಾವ ಗಿಡವಾದರೂ ಒಂದು ವಾಸನೆ ಬಿಡುತ್ತದೆ, ನಮ್ಮ ಮೂಗಿಗೆ ತಿಳಿಯದ ವಾಸನೆ. ಪಕ್ಕದ ಗಿಡ ಅದನ್ನು ಹಿಡಿದು, ಓಹೋ ಕೇಡು ಬಂತು ಎಂದು ತನ್ನ ಎಲೆಗಳಲ್ಲಿ ಕಹಿ ತುಂಬಿಕೊಳ್ಳುತ್ತದೆ. ಬೇರೆ ಗಿಡಗಳು ಇದನ್ನು ಪಿಸುಗುಟ್ಟಿದರೆ ಸುಚೇತಾಳ ಮರ ಬೊಬ್ಬೆ ಹೊಡೆಯುತ್ತಿತ್ತು. ಒಂದೇ ತಾಯಿಗಿಡದ ತುಂಡುಗಳಿಂದ ಬೆಳೆದವಾದ್ದರಿಂದ ಒಂದು ಮರದ ಬೊಬ್ಬೆ ಇನ್ನೊಂದಕ್ಕೆ ತಪ್ಪದೆ ಅರ್ಥವಾಗುತ್ತಿತ್ತು. ಔಷಧಿ ಹೊಡೆಯುವ ಕೆಲಸವೇ ಇಲ್ಲ. ಐದು ವರ್ಷದಲ್ಲಿ ಮಹಡಿಯೆತ್ತರ ಬೆಳೆದು ರಸ್ತೆಗೆ ಚಪ್ಪರ ಹಾಕಿದವು.

ಕೇಂದ್ರದ ಸಮಿತಿಯವರು ಇಟ್ಟ ಹೆಸರು 'ಪ್ರಹರಿ'. ಕಾವಲುಗಾರ ಎಂದು ಅರ್ಥವಂತೆ. ಆ ಹೆಸರು ರಸ್ತೆಯವರ ಬಾಯಲ್ಲಿ ಒಂದು ವಾರವೂ ಬಾಳಲಿಲ್ಲ. ಪಾರಿ ಮರ ಎಂದರು, ಅದೇ ಉಳಿಯಿತು.

ಮೊದಲ ನಕ್ಷೆಯಲ್ಲಿ ಮರಕ್ಕೆ ಹೂವೇ ಇರಲಿಲ್ಲ. ಕೇಳಿ ವತ್ಸಲಮ್ಮ ಕೆಂಡವಾಗಿದ್ದರು. "ಹೂ ಬಿಡದ ಮರ ಯಾತಕ್ಕೇ? ಬರೀ ನೆರಳು ಬೇಕಿದ್ರೆ ತಗಡಿನ ಶೀಟು ಹಾಕ್ಸಿ." ಅಮ್ಮನ ಆ ಮಾತಿಗೆ ಸೋತು ಸುಚೇತಾ ವರ್ಷವಿಡೀ ಅರಳುವ ಬಿಳಿಯ ಹೂವನ್ನು ಸೇರಿಸಿದಳು. ಐದೆಸಳಿನ, ನಸುಗಂಪಿನ ಹೂವು; ರಸ್ತೆಯ ಮರಗಳು ಅದನ್ನು ಮೈತುಂಬ ಬಿಡತೊಡಗಿದ್ದು ಆ ವರ್ಷದಿಂದಷ್ಟೇ. ತಾನು ಮಾಡಿದ್ದರಲ್ಲೆಲ್ಲ ಚೆನ್ನಾಗಿರುವುದು ಆ ಹೂವೇ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಈಗ ನೋಡಿದರೆ ಆ ರಸ್ತೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ವತ್ಸಲಮ್ಮನೇ. ಪೂಜೆಗೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳದ ಹೆಂಗಸು, ಒಂದು ದೀಪ ಹಚ್ಚಿ ಎದ್ದುಬಿಡುತ್ತಿದ್ದರು. ಗ್ಯಾಸ್ ಆರಿಸಿದೆನೋ ಇಲ್ಲವೋ ನೋಡಿ ಬರುವರು. ಗೇಟು ತೆಗೆದು ಹಾಕುವರು. ಬಂದು ಕೂತರೆ ಎರಡನೆಯ ದೀಪ ಹಚ್ಚಿದೆನೋ ಇಲ್ಲವೋ ಎಂದು ಅನುಮಾನ. ತಾವೇ ದೀಪದ ಮುಂದೆ ನಿಂತು ಅದನ್ನು ಕೇಳುತ್ತಿದ್ದರು. ಡಾಕ್ಟರು ತಲೆಯ ಸ್ಕ್ಯಾನ್ ನೋಡಿ, ಏನೂ ಕಾಣುತ್ತಿಲ್ಲ, ಆದರೂ ಮರೆವಿನ ಕಾಯಿಲೆ ಶುರುವಾಗಿರಬಹುದು ಎಂದರು.

ಹಾಸನದಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಅಣ್ಣ ಗುರುಸಿದ್ದುವಿಗೆ ಇಷ್ಟು ಸಾಕಾಯಿತು. ಫೋನಿನಲ್ಲೇ ಎಲ್ಲ ತೀರ್ಮಾನಿಸಿದ.

"ಭಾನುವಾರ ಕಾರು ತಗೊಂಡು ಬರ್ತೀನಿ. ಇಲ್ಲಿ ವಯಸ್ಸಾದವ್ರನ್ನ ನೋಡ್ಕೊಳೋ ಒಳ್ಳೇ ಮನೆ ಇದೆ. ಮಾತಾಡಿ ಆಯ್ತು."

"ಅಮ್ಮನ್ನ ಕೇಳಿದ್ಯಾ?"

"ಕೇಳೋ ಸ್ಥಿತಿಲಿ ಇದಾಳಾ ಅವ್ಳು? ನೀನು ಬೆಳಿಗ್ಗೆ ಹೋದ್ರೆ ಸಾಯಂಕಾಲ ಬರೋಳು. ಗ್ಯಾಸ್ ಹಚ್ಚಿ ಎದ್ದು ಹೋದ್ರೆ ಏನೇ ಗತಿ?"

ಸುಚೇತಾಳಿಗೂ ಆ ಭಯವಿತ್ತು. ಫೋನಿಟ್ಟು ಕೂತವಳು ಎದ್ದಳು, ಕಿಟಕಿ ತೆಗೆದಳು, ಯಾಕೆ ತೆಗೆದೆನೆಂದು ತಿಳಿಯದೆ ಮುಚ್ಚಿದಳು. ತನಗೂ ಶುರುವಾಯಿತೇ ಎಂದುಕೊಂಡಳು.

*

ಕೇಂದ್ರದ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ಕುದುರೆಲಾಯದ ರಸ್ತೆಯ ಪ್ರತಿ ಮರಕ್ಕೂ ಒಂದು ಹಸಿರು ಚುಕ್ಕೆ. ಒಂದೊಂದು ಮರಕ್ಕೂ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ ಕಟ್ಟಿದ್ದರು; ಗಾಳಿಯಲ್ಲಿ ಆ ಬೊಬ್ಬೆಯ ವಾಸನೆ ಸಿಕ್ಕಿದರೆ ಅದು ಸುದ್ದಿ ಕಳಿಸುತ್ತದೆ, ಚುಕ್ಕೆ ಕೆಂಪಾಗುತ್ತದೆ. ಆ ಪೆಟ್ಟಿಗೆಗಳಿಗೆ 'ಮೂಗು' ಎಂದು ಹೆಸರಿಟ್ಟವನು ಇಮ್ತಿಯಾಜ್. ಉಪಕರಣಗಳೆಲ್ಲ ಅವನ ಕೈಯವು. ಸಸಿಗಳನ್ನು ಕುಂಡದಲ್ಲಿ ಬೆಳೆಸಿ, ರಜೆಯ ದಿನವೂ ಬಂದು ನೀರುಣಿಸಿ ಬೀದಿಗೆ ಕಳಿಸಿದವನೂ ಅವನೇ. ಸುಚೇತಾಳನ್ನು ಅಕ್ಕಾ ಎನ್ನುತ್ತಿದ್ದ, ಮರಗಳನ್ನು ಮಕ್ಕಳು ಎನ್ನುತ್ತಿದ್ದ.

"ಅಕ್ಕಾ, ನಮ್ ಮಕ್ಕಳು ಯಾಕೋ ದಿನಾ ಬೆಳಿಗ್ಗೆ ಎದ್ದು ಅಳ್ತಾವೆ ನೋಡಿ."

ಅವನು ಹಿಂದಿನ ದಿನಗಳ ದಾಖಲೆಯನ್ನು ಓಡಿಸಿ ತೋರಿಸಿದ. ಬೆಳಕು ಹರಿಯುವ ಮುಂಚೆ ಒಂದು ಚುಕ್ಕೆ ಕೆಂಪಾಗುತ್ತದೆ. ಅದರ ಅಕ್ಕಪಕ್ಕದವು. ಆಮೇಲೆ ರಸ್ತೆಯುದ್ದಕ್ಕೂ ಕೆಂಪು ಓಡುತ್ತದೆ. ತಣ್ಣಗಾಗಲು ಸಂಜೆಯಾಗುತ್ತದೆ. ಮತ್ತೆ ಮರುದಿನ ಅದೇ.

"ಕೊರಕ ಹುಳು ಮತ್ತೆ ಬಂದಿದೆ," ಎಂದಳು ಸುಚೇತಾ.

"ಹುಳಕ್ಕೆ ಅಲಾರಂ ಇಟ್ಕೊಂಡು ಏಳೋ ಅಭ್ಯಾಸ ಯಾವಾಗ ಬಂತು?"

ಅವಳು ನಗಲಿಲ್ಲ. ಆ ವಾಸನೆ ಮನುಷ್ಯರಿಗೆ ಏನು ಮಾಡುತ್ತದೆ ಎಂದು ಯಾರೂ ಪರೀಕ್ಷಿಸಿರಲಿಲ್ಲ ಎಂಬುದು ಅವಳ ತಲೆಯಲ್ಲಿ ಆಗಲೇ ಕೊರೆಯತೊಡಗಿತ್ತು. ಪ್ರಯೋಗವೆಲ್ಲ ಮುಚ್ಚಿದ ಗಾಜಿನ ಮನೆಯಲ್ಲಿ ನಡೆದಿತ್ತು. ಕಂಬಳಿಹುಳು ಬಿಟ್ಟು, ಗಾಳಿಯನ್ನು ಫ್ಯಾನಿನಿಂದ ಹೊರಗೆ ದಬ್ಬಿ, ಗಾಜಿನ ಆಚೆ ನಿಂತು ನೋಡಿದ್ದರು. ಮೂಗಿಗೆ ತಿಳಿಯದ್ದು ಮೈಗೂ ತಿಳಿಯದು ಎಂದುಕೊಂಡಿದ್ದರು. ಕೇಡು ಬಂತು, ಕೇಡು ಬಂತು ಎಂದು ಮರ ಹೇಳುವುದು ಮನುಷ್ಯನ ಮೈಗೂ ಕೇಳಿಸಿದರೆ? ಏನು ಕೇಡೆಂದು ತಿಳಿಯದೆ, ಎಲ್ಲಿಗೆ ಓಡಬೇಕೆಂದು ತಿಳಿಯದೆ, ಸುಮ್ಮನೆ ಎದ್ದು ನಿಲ್ಲುವ ಹಾಗಾದರೆ?

ಎರಡು ದಿನ ಇಬ್ಬರೂ ಏಣಿ ಹಾಕಿ ಮರ ಹತ್ತಿದರು. ಬೆನ್ನು ಬಗ್ಗಿಸಿ ಎಲೆ ಎಲೆ ಮಗುಚಿದರು. ಕಾಂಡಕ್ಕೆ ಕಿವಿಗೊಟ್ಟರು. ಒಂದು ಹುಳುವೂ ಸಿಗಲಿಲ್ಲ. ಇಷ್ಟು ಶುದ್ಧವಾದ ಮರಗಳನ್ನು ತಾನು ನೋಡಿಯೇ ಇಲ್ಲ ಎಂದು ಇಮ್ತಿಯಾಜ್ ಬೆವರು ಒರೆಸಿಕೊಂಡ. ಕೊನೆಗೆ ಅವಳ ಫೋನಿಗೆ ಒಂದು ವ್ಯವಸ್ಥೆ ಮಾಡಿಕೊಟ್ಟ: ಯಾವ ಮರ ಮೊದಲು ಕೂಗಿದರೂ ಫೋನು ನಡುಗುತ್ತದೆ. "ಕಳ್ಳನ್ನ ಕೈಯಲ್ಲೇ ಹಿಡೀಬಹುದು," ಎಂದ.

*

ಮರುದಿನ ನಸುಕಿನಲ್ಲೇ ದಿಂಬಿನ ಕೆಳಗೆ ಫೋನು ನಡುಗಿತು. ಸುಚೇತಾ ಟಾರ್ಚು ಹಿಡಿದು ಹೊರಗೆ ಬಂದಳು. ಅಮ್ಮನ ಹಾಸಿಗೆ ಖಾಲಿಯಿತ್ತು. ಗೇಟು ತೆರೆದಿತ್ತು.

ಮನೆಯ ಮುಂದಿನ ಪಾರಿ ಮರದ ಕೆಳಗೆ ವತ್ಸಲಮ್ಮ ನಿಂತಿದ್ದರು. ಸ್ನಾನ ಮುಗಿಸಿ ಒದ್ದೆ ಕೂದಲಿಗೆ ಟವೆಲು ಸುತ್ತಿ, ಮೊಣಕೈಗೆ ಹೂಬುಟ್ಟಿ ತೂಗಿಸಿಕೊಂಡು, ಎರಡೂ ಕೈಯಲ್ಲಿ ದೋಟಿ ಹಿಡಿದಿದ್ದರು. ಕೊಕ್ಕೆಯನ್ನು ಒಂದು ರೆಂಬೆಗೆ ಸಿಕ್ಕಿಸಿ ಬಗ್ಗಿಸಿ ಒಂದು ಹೂವು ಕಿತ್ತರು.

ಫೋನು ನಡುಗಿತು.

ಇನ್ನೊಂದು ಕಿತ್ತರು. ಮತ್ತೆ ನಡುಗಿತು.

ಸುಚೇತಾ ರಸ್ತೆಯ ಉದ್ದಕ್ಕೂ ನೋಡಿದಳು. ಅರೆಗತ್ತಲಿನಲ್ಲಿ ಒಂದೊಂದು ಮರದ ಕೆಳಗೂ ಒಂದೊಂದು ದೋಟಿ ಆಡುತ್ತಿತ್ತು. ವಾಕಿಂಗಿಗೆ ಬಂದ ಹೆಂಗಸರು, ಪ್ಲಾಸ್ಟಿಕ್ ಕವರು ಹಿಡಿದ ಗಂಡಸರು, ಮಫ್ಲರು ಸುತ್ತಿದ ಮುದುಕರು. ಬ್ಯಾಂಕಿನಿಂದ ನಿವೃತ್ತರಾದ ಶಿವನಂಜಪ್ಪನವರದು ಎಲ್ಲರಿಗಿಂತ ಉದ್ದದ ದೋಟಿ. ಪರದೆ ತೂಗಿಸುವ ಅಲ್ಯೂಮಿನಿಯಂ ಕೊಳವೆಗಳನ್ನು ಒಂದಕ್ಕೊಂದು ಸೇರಿಸಿ ತಾವೇ ಮಾಡಿಕೊಂಡದ್ದು. ಮೇಲುಗಡೆಯ ಹೂವು ಯಾರಿಗೂ ಸಿಗದಂತೆ ಮೊದಲು ಬಂದು ಕೊಯ್ದುಬಿಡುತ್ತಿದ್ದರು. ಬೇರೆಯವರ ಕಾಂಪೌಂಡಿನ ದಾಸವಾಳ ಕದ್ದು ದೇವರಿಗೇರಿಸಿ ಪುಣ್ಯ ಸಂಪಾದಿಸಿದ ಜನಕ್ಕೆ, ಬೀದಿಯ ತುಂಬ ಯಾರದೂ ಅಲ್ಲದ ಬಿಳಿ ಹೂವು ಸಿಕ್ಕರೆ ಕೇಳಬೇಕೇ?

ಹುಳು ಕಚ್ಚಿದರೇನು, ಮುದುಕಿ ಕಿತ್ತರೇನು, ಮರಕ್ಕೆ ಎರಡೂ ಒಂದೇ ಗಾಯ. ಗಾಜಿನ ಮನೆಯೊಳಗೆ ಕಂಬಳಿಹುಳು ಬಿಟ್ಟು ನೋಡಿದ ಸುಚೇತಾಳಿಗೆ ಹೂಬುಟ್ಟಿ ಬಿಟ್ಟು ನೋಡಬೇಕೆಂದು ಹೊಳೆದಿರಲಿಲ್ಲ. ದಿನಾ ಬೆಳಿಗ್ಗೆ ತನ್ನದೇ ದೇವರ ಕೋಣೆಯಲ್ಲಿ ಆ ಬುಟ್ಟಿಯನ್ನು ನೋಡುತ್ತಿದ್ದವಳು ಅವಳು.

"ಅಮ್ಮಾ! ಸಾಕು, ಕೀಳ್ಬೇಡ!"

ಅವಳ ಕೂಗಿಗೆ ವತ್ಸಲಮ್ಮ ಬೆಚ್ಚಿ ದೋಟಿ ಕೆಳಗೆ ಹಾಕಿದರು. "ಯಾಕೇ ಹಂಗೆ ಕೂಗ್ತೀಯಾ? ಪೂಜೆಗೆ ಕಣೇ."

"ನೀನು ಕೀಳೋದ್ರಿಂದಾನೇ ಎಲ್ಲಾ ಆಗ್ತಿರೋದು!"

ಹೇಳಬಾರದ ರೀತಿಯಲ್ಲಿ ಹೇಳಿಬಿಟ್ಟಿದ್ದಳು. ವತ್ಸಲಮ್ಮನ ಮುಖ ಸಣ್ಣದಾಯಿತು. ಬುಟ್ಟಿಯಲ್ಲಿದ್ದ ಹೂವುಗಳನ್ನು ನೋಡಿದರು, ಮಗಳನ್ನು ನೋಡಿದರು. "ನಾನೇನೇ ಮಾಡಿದೆ? ನಂಗೋಸ್ಕರ ಹೂವಿಟ್ಟೆ ಅಂತ ನೀನೇ ಅಲ್ವಾ ಹೇಳಿದ್ದು," ಎಂದು ಒಳಗೆ ಹೋದರು. ಆ ದಿನ ಒಂದು ದೀಪವನ್ನೂ ಹಚ್ಚಲಿಲ್ಲ.

*

ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳದೆ ವಿಧಿಯಿರಲಿಲ್ಲ. ಇಮ್ತಿಯಾಜ್ ಗಾಜಿನ ಮನೆಯ ಫ್ಯಾನು ನಿಲ್ಲಿಸಿ, ಒಳಗೆ ಕುರ್ಚಿ ಹಾಕಿಕೊಂಡು ಕೂತ. ಎದುರಿಗೆ ಕುಂಡದಲ್ಲಿ ಹೂಬಿಟ್ಟ ಪಾರಿ ಗಿಡ. ಕೈಯಲ್ಲಿ ಪತ್ರಿಕೆಯ ಪದಬಂಧ. ಅದರ ಮುಂದೆ ಕೂತರೆ ಅವನನ್ನು ಎಬ್ಬಿಸುವುದು ಕಷ್ಟ ಎಂಬುದು ಕೇಂದ್ರಕ್ಕೆಲ್ಲ ಗೊತ್ತು. ಸುಚೇತಾ ಒಂದು ಹಿಡಿ ಹೂ ಕಿತ್ತು ಹೊರಗೆ ಬಂದು ಬಾಗಿಲು ಹಾಕಿದಳು.

ಸ್ವಲ್ಪ ಹೊತ್ತು ಸರಿಯಾಗಿದ್ದ. ಆಮೇಲೆ ಕಾಲು ಕುಣಿಸತೊಡಗಿದ. ಪೆನ್ನು ಬದಲಾಯಿಸಿದ. ಎದ್ದು ಬಾಗಿಲು ಭದ್ರವಾಗಿದೆಯೇ ನೋಡಿದ, ಕೂತ, ಮತ್ತೆ ಎದ್ದು ನೋಡಿದ. ಕೊನೆಗೆ ಗಾಜು ಬಡಿದು, "ಅಕ್ಕಾ, ಮನೇಲಿ ಏನೋ ಆಗಿದೆ, ನಾನು ಹೋಗ್ಬೇಕು," ಎಂದು ಕೂಗಿದ. ಹೊರಗೆ ಬಂದು ಗಾಳಿ ಕುಡಿದ ಮೇಲೆ ತಾನೇ ನಾಚಿಕೊಂಡ. "ಮನೇಲಿ ಏನೂ ಆಗಿಲ್ಲ. ಆದ್ರೆ ಆಗಿದೆ ಅಂತ ಮೈಯೆಲ್ಲ ಹೇಳ್ತಿತ್ತು."

ಸುಚೇತಾಳಿಗೆ ಅಳು ಬಂತು. ಅಮ್ಮ ದಿನಾ ಮರದ ಬುಡದಲ್ಲೇ ನಿಂತು ಬುಟ್ಟಿ ತುಂಬುವಷ್ಟು ಹೊತ್ತು ಈ ಗಾಳಿಯನ್ನೇ ಉಸಿರಾಡುತ್ತಿದ್ದಳು. ಮತ್ತೆ ಆ ಹೂವುಗಳ ಮುಂದೆಯೇ ಪೂಜೆಗೆ ಕೂರುತ್ತಿದ್ದಳು. ಮರೆವಿನ ಕಾಯಿಲೆಯಂತೆ!

ದಾರಿಗಳನ್ನು ಯೋಚಿಸಿದರು. ಬೊಬ್ಬೆ ಕಡಿಮೆ ಹೊಡೆಯುವ ಹೊಸ ತಳಿ ಮಾಡಿ ನೆಟ್ಟು ಬೆಳೆಸಲು ವರ್ಷಗಳೇ ಬೇಕು. ಕಡಿದರೆ ಮತ್ತೆ ಬೋಳು ರಸ್ತೆ. ಉಳಿದದ್ದು ಒಂದೇ: ಹೂ ಕೀಳುವುದನ್ನು ನಿಲ್ಲಿಸುವುದು. ಹಾಗೇ ಬಿಟ್ಟರೆ ಹೂವು ಬಿಸಿಲೇರಿದ ಮೇಲೆ ತಾನಾಗಿಯೇ ತೊಟ್ಟು ಕಳಚಿಕೊಂಡು ಬೀಳುತ್ತದೆ. ಆ ಕಳಚುವಿಕೆಯಲ್ಲಿ ಗಾಯವಿಲ್ಲ, ಕೂಗೂ ಇಲ್ಲ. ಸುಚೇತಾ ಮನೆಮನೆಗೆ ಹೋಗಿ ಹೇಳಿದಳು. ಎಲ್ಲರೂ ಕೂರಿಸಿ ಕಾಫಿ ಕೊಟ್ಟರು. ಶಿವನಂಜಪ್ಪನವರಂತೂ, "ನಮ್ಮ ತಾತನ ಕಾಲದಿಂದ ಹೂ ಕೀಳ್ತಿದೀವಮ್ಮ, ಯಾವ ಗಿಡಾನೂ ಕಂಪ್ಲೇಂಟ್ ಕೊಟ್ಟಿಲ್ಲ," ಎಂದು ನಕ್ಕು, ನಗುತ್ತಲೇ ಎದ್ದು ಎರಡು ಸಲ ಬಾಗಿಲಿನ ಚಿಲಕ ನೋಡಿ ಬಂದರು.

ಕೊನೆಗೆ ಅವಳು ಮರಗಳ ಉಸ್ತುವಾರಿ ಹೊತ್ತ ಗುತ್ತಿಗೆದಾರನಿಗೆ ಫೋನು ಮಾಡಿ, ಪ್ರತಿ ಮರಕ್ಕೂ ಒಂದು ಎಚ್ಚರಿಕೆಯ ಫಲಕ ಹಾಕಿಸಿ ಎಂದಳು. ಅವನು ಅಂದೇ ಹಾಕಿಸಿದ.

ಮಧ್ಯಾಹ್ನ ಪರದೆಯ ಮುಂದೆ ಕೂತಿದ್ದ ಇಮ್ತಿಯಾಜ್ ಕುರ್ಚಿಯಿಂದ ಹಾರಿದ. ಒಂದೊಂದಾಗಿ ಅಲ್ಲ, ಇಡೀ ರಸ್ತೆ ಒಟ್ಟಿಗೇ ಕೆಂಪಾಗಿತ್ತು. ಅಷ್ಟು ಗಾಢ ಕೆಂಪನ್ನು ಅವರು ಕಂಡಿರಲಿಲ್ಲ.

ಗುತ್ತಿಗೆದಾರನ ಆಳುಗಳು 'ಹೂ ಕೀಳಬಾರದು' ಎಂಬ ಹಳದಿ ತಗಡನ್ನು ಪ್ರತಿ ಮರಕ್ಕೂ ಹೊಡೆದಿದ್ದರು. ನಾಲ್ಕು ಮೂಲೆಗೆ ನಾಲ್ಕು ಮೊಳೆ.

*

ಅವಳು ಸ್ಕೂಟರಿನಲ್ಲಿ ರಸ್ತೆಗೆ ಬಂದಾಗ ಜಾತ್ರೆ ಚದುರಿದಂತಿತ್ತು. ಹೋಟೆಲಿನ ಒಲೆಯ ಮೇಲೆ ದೋಸೆ ಕರಟುತ್ತಿತ್ತು, ಭಟ್ಟನಿರಲಿಲ್ಲ. ದೊರೆಸ್ವಾಮಿ ಅಂಗಡಿಗೆ ಬೀಗ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದ. ಇಬ್ಬರು ಆಟೋದವರು ಕೊರಳಪಟ್ಟಿ ಹಿಡಿದುಕೊಂಡು, ಯಾಕೆ ಹಿಡಿದೆವೆಂದು ಮರೆತವರ ಹಾಗೆ ಹಾಗೇ ನಿಂತಿದ್ದರು.

ಮನೆಯ ಬಾಗಿಲು ಹಾರು ಹೊಡೆದಿತ್ತು. ದೇವರ ಮುಂದೆ ಬೆಂಕಿಪೊಟ್ಟಣ ತೆರೆದು ಬಿದ್ದಿತ್ತು. ವತ್ಸಲಮ್ಮ ಇರಲಿಲ್ಲ.

ಕೇಳದ ಮನೆಯಿಲ್ಲ, ನೋಡದ ಬೀದಿಯಿಲ್ಲ. ಇಮ್ತಿಯಾಜ್ ಒಂದು ಕಡೆ, ಅವಳೊಂದು ಕಡೆ ಸುತ್ತಿದರು. ಅಣ್ಣ ಗುರುವಿಗೆ ಫೋನು ಮಾಡಲು ಕೈ ಹೋಯಿತು, ಮಾಡಲಿಲ್ಲ. ಅವನು ಏನೆನ್ನುತ್ತಾನೆಂದು ಗೊತ್ತಿತ್ತು. ಅವನು ಹೇಳುವುದು ಸರಿಯೆಂದೂ ಆಗ ಅನ್ನಿಸಿತ್ತು. ಕಡೆಗೆ ವತ್ಸಲಮ್ಮ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಎಲ್ಲಿಗಾದ್ರೂ ಹೋಗ್ಬೇಕು ಅನ್ನಿಸ್ತು ಕಣೇ," ಎಂದರು ಮಗಳ ಕೈ ಹಿಡಿದು. "ಯಾವ ಬಸ್ಸು ಹತ್ಬೇಕು ಅಂತ ಗೊತ್ತಾಗ್ಲಿಲ್ಲ."

ಸುಚೇತಾ ಅಲ್ಲೇ ಕ್ಯಾಂಟೀನಿನ ಬೆಂಚಿನ ಮೇಲೆ ಕೂರಿಸಿ ಕಾಫಿ ತಂದಳು. ಮೊದಲು ಎದ್ದೆದ್ದು ಕೂರುತ್ತಿದ್ದವರು ಬರಬರುತ್ತಾ ಶಾಂತರಾದರು. ಕಾಫಿಗೆ ಸಕ್ಕರೆ ಸಾಲದೆಂದರು. ಎದುರಿಗೆ ಹೂ ಕಟ್ಟುತ್ತಿದ್ದವಳ ಬೆರಳುಗಳನ್ನು ಬಹಳ ಹೊತ್ತು ನೋಡಿದರು, ಎಳೆ ಸಡಿಲವಾಯಿತು ಎಂದು ಅವಳಿಗೆ ಅಲ್ಲಿಂದಲೇ ಬುದ್ಧಿ ಹೇಳಿದರು. ಬಸ್ಸಿನ ಹೊಗೆ, ಹಾರನ್ನು, ಗದ್ದಲದ ನಡುವೆ ಅಮ್ಮ ಪೂರ್ತಿ ಅಮ್ಮನಾಗಿ ಕೂತಿದ್ದಳು. ಕಾಯಿಲೆ ಅಮ್ಮನ ತಲೆಯಲ್ಲಿರಲಿಲ್ಲ.

ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಈ ಸಲ ಕೂಗದೆ ಹೇಳಿದಳು. ಕೊನೆಗೆ, "ಅಣ್ಣನ ಜೊತೆ ಹಾಸನಕ್ಕೆ ಹೋದ್ರೆ ನೀನು ನೆಟ್ಟಗೆ ಆಗ್ತೀಯಾ," ಎಂದಳು.

"ನಾನು ಹೋದೆ ಅಂತಿಟ್ಕೋ. ದೊರೆಸ್ವಾಮಿ ಎಲ್ಲಿಗೆ ಹೋಗ್ತಾನೆ?"

"ಮರ ಎಲ್ಲಾ ತೆಗೆಸಿಬಿಡ್ತೀನಿ."

"ಸರಿ. ಮತ್ತೆ ಚಪ್ಪಲಿ ಅಂಟಿಸ್ಕೊಂಡು ಓಡಾಡೋಣ."

"ಹಂಗಾದ್ರೆ ಕೀಳೋದು ಬಿಡಮ್ಮ! ಬಿಸಿಲು ಬಂದ್ಮೇಲೆ ತಾನಾಗೇ ಬೀಳುತ್ತೆ, ಬಿದ್ದಿದ್ದನ್ನ ಆರಿಸ್ಕೋ."

ವತ್ಸಲಮ್ಮ ಲೋಟ ಕೆಳಗಿಟ್ಟರು. "ಬಿದ್ದ ಹೂವನ್ನ ದೇವರಿಗೆ ಏರಿಸ್ತಾರೇನೇ? ನೆಲಕ್ಕೆ ಬಿದ್ದಿದ್ದು, ಯಾರ್ ಯಾರೋ ತುಳಿದಿದ್ದು. ನೀನು ಎಷ್ಟು ಓದಿದ್ರೂ ಇಷ್ಟೇ. ಬಿದ್ದ ಮೇಲೂ ದೇವರಿಗೆ ಆಗೋದು ಪಾರಿಜಾತ ಒಂದೇ. ಅದನ್ನ ಕೀಳಲೂಬಾರ್ದು, ಆರಿಸ್ಲೇಬೇಕು."

ಸುಚೇತಾ ಅಮ್ಮನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಒದ್ದೆ ನೆಲದ ಮೇಲೆ ಕೂತು ಕೆಂಪು ತೊಟ್ಟಿನ ಹೂವನ್ನು ಆರಿಸಿದ್ದು ಅವಳಿಗೂ ನೆನಪಿತ್ತು. ಆದರೆ ಈಗ ಹೊಳೆದದ್ದು ಬೇರೆ.

"ಅಮ್ಮ, ಈ ಮರಕ್ಕೆ ನೀವೆಲ್ಲ ಏನಂತೀರಾ?"

"ಪಾರಿ ಮರ."

"ಉಳಿದರ್ಧ ಸೇರಿಸಿಬಿಡು."

ವತ್ಸಲಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಣ್ಣು ಕೆಂಪಾಯಿತು. "ದೇವರ ಹತ್ರ ಸುಳ್ಳು ಹೇಳು ಅಂತೀಯಾ? ನೀನು ಅಂದುಬಿಟ್ರೆ ಅದು ಪಾರಿಜಾತ ಆಗುತ್ತಾ?"

"ನಾನೇ ತಾನೇ ಹುಟ್ಟಿಸಿದ್ದು. ಹೆಸರಿಡೋ ಹಕ್ಕು ನಂಗಿಲ್ವಾ?"

"ಇಲ್ಲ," ಎಂದರು ಕಡ್ಡಿ ಮುರಿದ ಹಾಗೆ. "ಹೆತ್ತೋಳು ಹೆಸರಿಡಲ್ಲ. ಸೋದರತ್ತೆ ಇಡ್ತಾಳೆ."

ಅಲ್ಲಿಗೆ ಮುಗಿಯಿತು ಎಂದುಕೊಂಡಳು ಸುಚೇತಾ. ಪ್ರಪಂಚದ ಯಾವ ಪ್ರಯೋಗಾಲಯದಲ್ಲೂ ಇದಕ್ಕೆ ಉತ್ತರ ಸಿಗುವುದಿಲ್ಲ. ಹುಡುಕಿ ಹುಡುಕಿ ಸುಸ್ತಾದ ಇಮ್ತಿಯಾಜ್ ಅಷ್ಟರಲ್ಲಿ ಓಡಿಬಂದು, ವತ್ಸಲಮ್ಮನನ್ನು ಕಂಡು, "ಅಮ್ಮ ಸಿಕ್ಕಿದ್ರಾ ಅಕ್ಕಾ!" ಎಂದು ಬೆಂಚಿನ ಮೇಲೆ ಕುಸಿದ. ಅವನ ತೋಳಿನ ತುಂಬ ತರಚು ಗಾಯ. ಬರುವ ಮೊದಲು ಮರಗಳಿಂದ ಮೊಳೆ ಕಿತ್ತು ಬಂದಿದ್ದ. "ಮಕ್ಕಳಿಗೆ ಎಷ್ಟು ನೋವಾಗಿದೆಯೋ," ಎಂದು ಗೊಣಗಿದ.

ವತ್ಸಲಮ್ಮ ಅವನ ತೋಳನ್ನು ನೋಡಿದರು. ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ಒರೆಸಿದರು. ಒರೆಸುತ್ತಾ ಒರೆಸುತ್ತಾ ಅವರ ಮುಖದಲ್ಲಿ ಏನೋ ಸಡಿಲವಾಯಿತು.

"ಇವ್ನು ನಿನ್ನನ್ನ ಅಕ್ಕ ಅಂತಾನೆ," ಎಂದರು ಮಗಳಿಗೆ. "ಅವನ್ನ ಮಕ್ಕಳು ಅಂತಾನೆ. ನೀರು ಹಾಕಿ ಸಾಕಿದೋನೂ ಇವ್ನೇ. ಹೆತ್ತೋಳು ಭೂಮಿತಾಯಿ ಅಂತಿಟ್ಕೊಂಡ್ರೆ, ಅಪ್ಪ ಇವ್ನು. ಅಲ್ಲಿಗೆ ನೀನು ಏನಾದೆ?"

ಇಮ್ತಿಯಾಜ್‌ಗೆ ತಲೆಬುಡ ತಿಳಿಯಲಿಲ್ಲ. ಸುಚೇತಾ ನಗುತ್ತಾ ಅಳುತ್ತಿದ್ದಳು.

*

ನಾಮಕರಣ ಗುರುವಾರ ಬೆಳಿಗ್ಗೆ ನಡೆಯಿತು. ವತ್ಸಲಮ್ಮ ಯಾರಿಗೂ ವಿಜ್ಞಾನ ಹೇಳಲಿಲ್ಲ. ಮನೆಮನೆಗೆ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದರು. ಮೊಮ್ಮಗಳ ಹೆಸರಿಡುವ ಶಾಸ್ತ್ರಕ್ಕೆ ಕರೆದ ಹಾಗೇ ಕರೆದರು. ಕೂರಲಾರದ ಜನ ಬಂದರು. ಬಂದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ನಿಂತರು. ದೊರೆಸ್ವಾಮಿ ಕಾಂಡಕ್ಕೆ ಸುತ್ತಲು ಜರಿ ಅಂಚಿನ ತುಂಡು ಬಟ್ಟೆ ತಂದ. ಕಟ್ಟಿದರೆ ಗಾಯವಾಗುವುದಿಲ್ಲ ತಾನೇ ಎಂದು ಇಮ್ತಿಯಾಜ್‌ನನ್ನು ಕೇಳಿ ಸಡಿಲವಾಗಿ ಕಟ್ಟಿದ.

"ಮರಕ್ಕೆ ಕಿವಿ ಎಲ್ಲಿದೆಯಪ್ಪ?" ಎಂದರು ಯಾರೋ.

"ಮೂಗು ಮಾತ್ರ ಇಟ್ಟಿದೀನಿ, ಕಿವಿ ಮರೆತೆ," ಎಂದ ಇಮ್ತಿಯಾಜ್.

ಹಳೆಯ ರೆಂಬೆ ಕಳಚಿದ ಕಡೆ ಒಂದು ಗುಳಿಯಿತ್ತು. ಸುಚೇತಾ ಅಲ್ಲಿಗೆ ಬಾಯಿಟ್ಟಳು. ಲೇಖನಗಳಲ್ಲಿ, ಸಭೆಗಳಲ್ಲಿ ಈ ಮರದ ಬಗ್ಗೆ ಎಷ್ಟೆಷ್ಟೋ ಮಾತಾಡಿದ್ದವಳು, ಮರದೊಡನೆ ಒಂದು ಮಾತೂ ಆಡಿರಲಿಲ್ಲ. ನಾಚಿಕೆಯಾಯಿತು. ಕೇಂದ್ರದವರು ಕಂಡರೆ ಏನೆಂದಾರು ಎನ್ನಿಸಿತು. ಆಮೇಲೆ ಪಕ್ಕದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ ಅಮ್ಮನನ್ನು ನೋಡಿ, ಮೂರು ಸಲ ಹೇಳಿದಳು: ಪಾರಿಜಾತ, ಪಾರಿಜಾತ, ಪಾರಿಜಾತ.

"ತೊಟ್ಟು ಕೆಂಪಿಲ್ವಲ್ಲ," ಎಂದು ಶಿವನಂಜಪ್ಪನವರು ತಕರಾರು ತೆಗೆದರು. "ಪಾರಿಜಾತ ಅಂದ್ರೆ ತೊಟ್ಟು ಕೆಂಪಿರ್ಬೇಕು."

"ನಿಮ್ಮ ಮೊಮ್ಮಗ ನಿಮ್ಮ ಹಾಗೆ ಕಪ್ಪಗಿಲ್ಲ. ನಿಮ್ಮ ವಂಶ ಅಲ್ಲ ಅಂತ ಯಾರಾದ್ರೂ ಅಂದ್ರಾ?" ಎಂದರು ವತ್ಸಲಮ್ಮ. ಹೆಂಗಸರೆಲ್ಲ ನಕ್ಕರು. ಹೆಸರು ನಿಂತಿತು.

ಶುಕ್ರವಾರ ನಸುಕಿನಲ್ಲಿ ಫೋನು ಐದಾರು ಸಲ ನಡುಗಿತು. ಶನಿವಾರ ಒಂದೇ ಸಲ. ಅದು ಆ ಉದ್ದದ ದೋಟಿ ಎಂದು ಸುಚೇತಾಳಿಗೆ ಖಾತ್ರಿಯಿತ್ತು. ಗಾಳಿ ತಿಳಿಯಾಗಲು ಇನ್ನೂ ಎಷ್ಟು ದಿನ ಬೇಕೋ, ತಿಳಿಯಾಗುತ್ತದೋ ಇಲ್ಲವೋ, ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಗುರುಸಿದ್ದು ಬಂದಾಗ ಎಳೆಬಿಸಿಲು ಬಿದ್ದಿತ್ತು. ಕಾರಿನ ಇಂಜಿನ್ನು ಆರಿಸದೆಯೇ ಇಳಿದ. ಗೇಟಿನ ಮುಂದೆ ಮರದ ಕೆಳಗೆ ಬಿಳಿ ಪಂಚೆಯೊಂದನ್ನು ಹಾಸಿದ್ದರು. ಅದರ ಪಕ್ಕ ಅಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳ ಆಚೆ ಸುಚೇತಾ. ಮುಂದಿನ ಮರದ ಕೆಳಗೆ ಇನ್ನೊಂದು ಪಂಚೆ, ಇನ್ನಿಬ್ಬರು ಹೆಂಗಸರು, ಅದರಾಚೆ ಇನ್ನೊಂದು. ಶಿವನಂಜಪ್ಪನವರು ದೋಟಿಯ ಕೊಕ್ಕೆಯನ್ನು ಕೆಳಗೆ ಮಾಡಿ ಊರುಗೋಲಿನ ಹಾಗೆ ಹಿಡಿದು, ಮೇಲೆ ನೋಡುತ್ತಾ ನಿಂತಿದ್ದರು.

"ಇದೇನಮ್ಮ ಇದು, ಬೀದೀಲಿ?"

"ಶ್..." ಎಂದರು ವತ್ಸಲಮ್ಮ. ಎದ್ದರು. ಗೇಟಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ತಿರುಗಿ ಮರವನ್ನು ನೋಡಿ ಮತ್ತೆ ಬಂದು ಕೂತರು. "ಈಗ್ಲೋ ಆಗ್ಲೋ ಅನ್ನೋ ಹಾಗಿದೆ," ಎಂದರು.

"ಪೂಜೆ ಆಯ್ತಾ?"

"ಹೂವೇ ಬಿದ್ದಿಲ್ಲ, ಪೂಜೆ ಎಲ್ಲಿಂದ? ದೇವ್ರೂ ಸ್ವಲ್ಪ ಕಾಯ್ಲಿ."

ಗುರು ಗಡಿಯಾರ ನೋಡಿದ. ಕಾರಿನ ಕಡೆ ನೋಡಿದ. ಕೈಯಲ್ಲಿದ್ದ ಕೀಲಿಯನ್ನು ಬೆರಳಿಗೆ ಹಾಕಿ ತಿರುಗಿಸಿದ. ಹನ್ನೆರಡರೊಳಗೆ ಅಲ್ಲಿಗೆ ತಲುಪಬೇಕು ಎಂದ, ಕೋಣೆ ಹಿಡಿದಿಟ್ಟಿದ್ದಾರೆ ಎಂದ, ಬಟ್ಟೆ ಕಟ್ಟಿಕೊಂಡೆಯಾ ಎಂದ. ಸುಚೇತಾ ಅಮ್ಮನ ಕೈಗಳನ್ನೇ ನೋಡುತ್ತಿದ್ದಳು. ತೊಡೆಯ ಮೇಲೆ ಒಂದರೊಳಗೊಂದು ಇಟ್ಟುಕೊಂಡ ಆ ಕೈಗಳು ಅಲ್ಲಾಡುತ್ತಿರಲಿಲ್ಲ.

ಮೇಲಿನಿಂದ ಒಂದು ಹೂವು ಕಳಚಿಕೊಂಡಿತು. ತಿರುಗುತ್ತಾ ತಿರುಗುತ್ತಾ ಬಂದು ಪಂಚೆಯ ಅಂಚಿಗೆ ಬಿತ್ತು. ಫೋನು ನಡುಗಲಿಲ್ಲ. ವತ್ಸಲಮ್ಮ ಬಗ್ಗಿ ಅದನ್ನು ಎರಡೂ ಕೈಯಿಂದ ಎತ್ತಿ ಬುಟ್ಟಿಗೆ ಹಾಕಿದರು.

"ಅಮ್ಮಾ, ಹೊರಡೋಣ್ವಾ?" ಗುರು ಮತ್ತೆ ಕೇಳಿದ.

ವತ್ಸಲಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದರು.

"ಮೊದ್ಲು ಆ ಇಂಜಿನ್ ಆರಿಸಿ ಬಾ. ಬಂದು ಒಂದ್ಕಡೆ ನೆಟ್ಟಗೆ ಕೂತ್ಕೋ. ಇನ್ನೊಂದು ಬೀಳಲಿ."